ಅಂತಃಸಾಕ್ಷಿಯ ನ್ಯಾಯವಾದಿ ಕ್ರಿಸ್ಟಲ್ ಈಸ್ಟ್‌ಮನ್

ಶಾಂತಿಗಾಗಿ ಬಾಳನ್ನು ಸವೆಸಿದವರನ್ನು ಸ್ಮರಿಸುವಾಗ ಧರ್ಮಗುರುಗಳು, ಕವಿಗಳು, ಜನನಾಯಕರು ಮೊದಲು ನೆನಪಿಗೆ ಬರುತ್ತಾರೆ. ಕಾನೂನನ್ನು ಬಲ್ಲವರ ಹೆಸರು ಕೇಳಿಬರುವುದು ವಿರಳ. ಆದರೆ ರಾಜ್ಯವು ಒಮ್ಮೆ ಯುದ್ಧವನ್ನು ಘೋಷಿಸಿತೆಂದರೆ, ಕೊಲ್ಲಲಾರೆನೆಂದು ನಿಲ್ಲುವ ಪ್ರಜೆ ಒಬ್ಬಂಟಿಗನಾಗುತ್ತಾನೆ. ನೆರೆಹೊರೆಯವರು ದೂರ ಸರಿಯುತ್ತಾರೆ. ಪತ್ರಿಕೆಗಳು ಹೇಡಿಯೆಂದು ಜರೆಯುತ್ತವೆ. ಆಗ ಅವನ ಪಕ್ಕದಲ್ಲಿ ನಿಂತು ಮಾತನಾಡಬಲ್ಲವರು ನ್ಯಾಯವಾದಿಗಳು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಕಾರ್ಯಕ್ಕೆ ಒಂದು ಸಂಸ್ಥೆಯ ರೂಪವನ್ನು ಕೊಟ್ಟವರಲ್ಲಿ ಕ್ರಿಸ್ಟಲ್ ಈಸ್ಟ್‌ಮನ್ ಅವರು ಪ್ರಮುಖರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಅವರು ಜನಿಸಿದ್ದು 1881ರ ಜೂನ್ 25ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಲ್‌ಬರೊ ಎಂಬ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್, ತಾಯಿ ಆನಿಸ್. ಇಬ್ಬರೂ ಚರ್ಚಿನ ಉಪದೇಶಕರು. ಸ್ತ್ರೀಯರು ಉಪದೇಶಪೀಠವನ್ನೇರುವುದು ಅಪೂರ್ವವಾಗಿದ್ದ ಆ ದಿನಗಳಲ್ಲಿ, 1889ರಲ್ಲಿ, ತಾಯಿ ಆ ದೀಕ್ಷೆಯನ್ನು ಪಡೆದಿದ್ದರು. ಹೆಣ್ಣುಮಗಳೂ ತನ್ನ ವಿವೇಕದಂತೆ ನಡೆಯಬಹುದೆಂಬ ಪಾಠ ಮನೆಯಲ್ಲಿಯೇ ದೊರೆಯಿತು. ವಸ್ಸಾರ್ ಕಾಲೇಜಿನಿಂದ 1903ರಲ್ಲಿ ಪದವಿ, ಕೊಲಂಬಿಯ ವಿಶ್ವವಿದ್ಯಾನಿಲಯದಿಂದ 1904ರಲ್ಲಿ ಸಮಾಜಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದ ಅವರು, 1907ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಕಾನೂನು ಪರೀಕ್ಷೆಯಲ್ಲಿ ತರಗತಿಗೆ ಎರಡನೆಯವರಾಗಿ ತೇರ್ಗಡೆ ಹೊಂದಿದರು.

ಸೋತರೂ ಸಾಯದ ಕಾನೂನು

ಉಕ್ಕಿನ ಕಾರ್ಖಾನೆಗಳ ನಗರವಾದ ಪಿಟ್ಸ್‌ಬರ್ಗಿನಲ್ಲಿ ಅವರ ಮೊದಲ ಮಹತ್ಕಾರ್ಯ ನಡೆಯಿತು. 1906ರ ಜುಲೈಯಿಂದ ಒಂದು ವರ್ಷದ ಅವಧಿಯಲ್ಲಿ ಆ ಜಿಲ್ಲೆಯೊಂದರಲ್ಲಿಯೇ ದುಡಿಯುವಾಗ ಮಡಿದ 526 ಕಾರ್ಮಿಕರ ವೃತ್ತಾಂತವನ್ನು ಅವರು ಪರಿಶೀಲಿಸಿದರು. ಕಾರ್ಮಿಕನ ಅಜಾಗ್ರತೆಯೇ ಅಪಘಾತಕ್ಕೆ ಕಾರಣವೆಂಬ ಬಹುಕಾಲದ ನಂಬಿಕೆ ನಿಜವಲ್ಲವೆಂದು ಅಂಕಿ ಅಂಶಗಳಿಂದ ತೋರಿಸಿ, 1910ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನ್ಯೂಯಾರ್ಕ್ ರಾಜ್ಯವು ನೇಮಿಸಿದ ಆಯೋಗದಲ್ಲಿ ಏಕೈಕ ಮಹಿಳಾ ಸದಸ್ಯರಾಗಿ ಕಾರ್ಮಿಕ ಪರಿಹಾರ ಕಾನೂನಿನ ರಚನೆಗೆ ಶ್ರಮಿಸಿದರು. ಆ ಕಾನೂನು ಬಹುಕಾಲ ಬಾಳಲಿಲ್ಲ. 1911ರ ಮಾರ್ಚ್ 24ರಂದು ರಾಜ್ಯದ ಉಚ್ಚ ನ್ಯಾಯಪೀಠವು ಅದನ್ನು ರದ್ದುಗೊಳಿಸಿತು. ಮರುದಿನವೇ ನ್ಯೂಯಾರ್ಕ್ ನಗರದ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಮಡಿದರು. ಜನರು 1913ರಲ್ಲಿ ರಾಜ್ಯದ ಸಂವಿಧಾನವನ್ನೇ ತಿದ್ದಿದರು; 1914ರಲ್ಲಿ ಹೊಸ ಪರಿಹಾರ ಕಾನೂನು ಜಾರಿಗೆ ಬಂದಿತು. ನ್ಯಾಯಾಲಯದಲ್ಲಿ ಸೋತದ್ದು ಜನಮನದಲ್ಲಿ ಗೆದ್ದು ಮರಳಿ ಬರುತ್ತದೆಂಬ ಸತ್ಯವನ್ನು ಅವರು ಹೀಗೆ ಕಣ್ಣಾರೆ ಕಂಡರು. ಮುಂದಿನ ಕಷ್ಟದ ದಿನಗಳಿಗೆ ಇದೇ ಬುತ್ತಿಯಾಯಿತು.

ತಡೆಯಲಾದ ಒಂದು ಯುದ್ಧ

1914ರಲ್ಲಿ ಯೂರೋಪಿನಲ್ಲಿ ಸಮರ ಸಿಡಿಯಿತು. ಆ ವರ್ಷವೇ ಈಸ್ಟ್‌ಮನ್ ಅವರು ನ್ಯೂಯಾರ್ಕಿನಲ್ಲಿ ಮಹಿಳೆಯರ ಶಾಂತಿಸಂಘಟನೆಯನ್ನು ಕಟ್ಟಿದರು. ಬಳಿಕ ಲಿಲಿಯನ್ ವಾಲ್ಡ್, ಪಾಲ್ ಕೆಲ್ಲಾಗ್ ಮೊದಲಾದವರು ಕೂಡಿ ಸ್ಥಾಪಿಸಿದ ಸೈನಿಕೀಕರಣ ವಿರೋಧಿ ಅಮೆರಿಕನ್ ಒಕ್ಕೂಟದ ಕಾರ್ಯಭಾರವನ್ನು ವಹಿಸಿಕೊಂಡರು. ದೂರದ ಯುದ್ಧಕ್ಕೆ ದೇಶವನ್ನು ಸಜ್ಜುಗೊಳಿಸುವ ಸಿದ್ಧತೆಯೇ ದೇಶವನ್ನು ಯುದ್ಧದೊಳಕ್ಕೆ ಎಳೆಯುವುದೆಂಬುದು ಈ ಒಕ್ಕೂಟದ ವಾದ. ಮೈತುಂಬ ಕವಚವಿದ್ದು ಮಿದುಳಿಲ್ಲದ ಪುರಾತನ ಮೃಗವೊಂದರ ಬೃಹದಾಕಾರದ ಪ್ರತಿಮೆಯನ್ನು ಮಾಡಿಸಿ, ಅದನ್ನು ಪ್ರದರ್ಶನಕ್ಕಿಟ್ಟು ಜನರಿಗೆ ಈ ವಾದವನ್ನು ತಿಳಿಯಹೇಳಿದರು.

1916ರಲ್ಲಿ ಅಧ್ಯಕ್ಷ ವಿಲ್ಸನ್ನರು ಮೆಕ್ಸಿಕೋ ದೇಶದೊಳಕ್ಕೆ ಸೇನೆಯನ್ನು ಕಳುಹಿಸಿದ್ದರು. ಜೂನ್ 21ರಂದು ಕಾರಿಸಾಲ್ ಎಂಬಲ್ಲಿ ಎರಡು ದೇಶಗಳ ಸೈನಿಕರ ನಡುವೆ ಕಾಳಗ ನಡೆದು, ಪೂರ್ಣ ಯುದ್ಧ ಅನಿವಾರ್ಯವೆಂದು ಎಲ್ಲರೂ ಭಾವಿಸಿದರು. ಆಗ ಗಾಯಗೊಂಡ ಅಮೆರಿಕನ್ ಅಧಿಕಾರಿಯೊಬ್ಬನ ವರದಿ ಹೊರಬಂದಿತು. ಮುನ್ನುಗ್ಗಿದವರು ಅಮೆರಿಕನ್ನರೇ ಎಂಬುದು ಅದರಿಂದ ಸ್ಪಷ್ಟವಾಗಿತ್ತು. ಒಕ್ಕೂಟವು ಆ ವರದಿಯನ್ನು ಜಾಹೀರಾತಾಗಿ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿತು. ಎರಡೂ ದೇಶಗಳ ಖಾಸಗಿ ಪ್ರಜೆಗಳು ಕಲೆತು ಮಾತನಾಡುವ ಏರ್ಪಾಡು ಮಾಡಿತು. ಸರ್ಕಾರಗಳು ಕೊನೆಗೆ ಜಂಟಿ ಆಯೋಗದ ಸಂಧಾನಕ್ಕೆ ಒಪ್ಪಿದವು, ಯುದ್ಧ ತಪ್ಪಿತು. ಜನರಿಗೆ ಸತ್ಯಾಂಶ ಸಕಾಲದಲ್ಲಿ ತಿಳಿದರೆ ಯುದ್ಧವನ್ನು ನಿಲ್ಲಿಸಬಹುದೆಂಬ ಅವರ ವಿಶ್ವಾಸವನ್ನು ಇದು ದೃಢಪಡಿಸಿತು.

ಯುದ್ಧಕಾಲದ ಅಗ್ನಿಪರೀಕ್ಷೆ

ಆದರೆ 1917ರ ಏಪ್ರಿಲ್ 6ರಂದು ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. ಮೇ ತಿಂಗಳಲ್ಲಿ ಕಡ್ಡಾಯ ಸೈನ್ಯ ಭರ್ತಿಯ ಶಾಸನವೂ, ಜೂನ್ ತಿಂಗಳಲ್ಲಿ ಯುದ್ಧವಿರೋಧಿ ಮಾತನ್ನು ಶಿಕ್ಷಿಸಬಲ್ಲ ಗೂಢಚರ್ಯೆ ಶಾಸನವೂ ಬಂದವು. ಕ್ವೇಕರ್, ಮೆನೊನೈಟ್ ಮುಂತಾದ ಶಾಂತಿಪರ ಪಂಥಗಳ ಸದಸ್ಯರಿಗೆ ಮಾತ್ರ ಆಯುಧ ಹಿಡಿಯುವುದರಿಂದ ವಿನಾಯಿತಿ. ಅವರೂ ಸೈನ್ಯದ ಇತರ ಸೇವೆ ಮಾಡಲೇಬೇಕು. ಯಾವ ಪಂಥಕ್ಕೂ ಸೇರದೆ, ತನ್ನ ಅಂತಃಸಾಕ್ಷಿಯೊಂದನ್ನೇ ನಂಬಿ ಒಲ್ಲೆನೆಂದವನಿಗೆ ಕಾನೂನಿನಲ್ಲಿ ಎಡೆಯೇ ಇರಲಿಲ್ಲ.

ಇಂಥವರಿಗೆ ನೆರವಾಗಲು ಒಕ್ಕೂಟದೊಳಗೆ ಒಂದು ವಿಭಾಗವನ್ನು ತೆರೆಯಲಾಯಿತು. ಆಗ ತಾನೇ ಹೆರಿಗೆಯಾಗಿ ದೇಹಸ್ಥಿತಿ ಕೆಟ್ಟಿದ್ದ ಈಸ್ಟ್‌ಮನ್ ಅವರೊಡನೆ ರೋಜರ್ ಬಾಲ್ಡ್‌ವಿನ್ ಆ ಹೊರೆಯನ್ನು ಹೊತ್ತರು. ಇಲ್ಲಿಯೇ ಆತ್ಮೀಯರ ನಡುವೆ ಬಿರುಕು ಮೂಡಿತು. ಸರ್ಕಾರವನ್ನು ನೇರವಾಗಿ ಎದುರಿಸಿದರೆ ಅದರೊಡನೆ ಮಾತನಾಡುವ ಬಾಗಿಲೇ ಮುಚ್ಚುವುದೆಂದು ವಾಲ್ಡ್ ಮತ್ತು ಕೆಲ್ಲಾಗ್ ಅಂಜಿದರು. ಆ ಅಂಜಿಕೆ ನಿರಾಧಾರವಾದುದಲ್ಲ. ಆದರೆ ಶಾಂತಿಯನ್ನು ಬೋಧಿಸಿದವರು, ಆ ಬೋಧನೆಯಂತೆ ನಡೆದು ಸೆರೆಮನೆಗೆ ಹೋಗುತ್ತಿರುವ ತರುಣರನ್ನು ಕೈಬಿಡುವುದು ಧರ್ಮವಲ್ಲವೆಂದು ಈಸ್ಟ್‌ಮನ್ ನಿಶ್ಚಯಿಸಿದರು. ಹಳೆಯ ಸಂಗಾತಿಗಳು ಅಗಲಿದರು. ಅಕ್ಟೋಬರ್ 1ರಂದು ಆ ವಿಭಾಗವು ರಾಷ್ಟ್ರೀಯ ಪೌರ ಸ್ವಾತಂತ್ರ್ಯ ಸಂಸ್ಥೆ ಎಂಬ ಸ್ವತಂತ್ರ ಸಂಸ್ಥೆಯಾಯಿತು.

ವಾಲ್ಟರ್ ನೆಲ್ಸ್ ಮೊದಲಾದ ವಕೀಲರು ಅದರ ಆಧಾರವಾದರು. ಬಂಧಿತರಿಗೆ ಸಲಹೆ ಕೊಡುವುದು, ಶಿಬಿರಗಳಲ್ಲಿನ ಹಿಂಸೆಯನ್ನು ಯುದ್ಧ ಇಲಾಖೆಯ ಗಮನಕ್ಕೆ ತರುವುದು, ಕಾನೂನನ್ನು ವಿವರಿಸುವ ಕಿರುಹೊತ್ತಗೆಗಳನ್ನು ಹಂಚುವುದು ಸಂಸ್ಥೆಯ ನಿತ್ಯದ ಕಾಯಕ. ಸೇನಾ ಶಿಬಿರಗಳಲ್ಲಿ ಆಯುಧ ಮುಟ್ಟಲು ನಿರಾಕರಿಸಿದವರು ಸುಮಾರು 4,000 ಮಂದಿ. ಸೈನಿಕ ನ್ಯಾಯಾಲಯಗಳು ಸುಮಾರು 450 ಮಂದಿಗೆ ಸೆರೆವಾಸವೇ ಮೊದಲಾದ ಶಿಕ್ಷೆ ವಿಧಿಸಿದವು. 17 ಮಂದಿಗೆ ಮರಣದಂಡನೆ ವಿಧಿಸಿದರೂ ಒಂದೂ ಜಾರಿಯಾಗಲಿಲ್ಲ.

ನ್ಯಾಯಾಲಯಗಳು ಒಲಿಯಲಿಲ್ಲ. 1918ರ ಜನವರಿಯಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಕಡ್ಡಾಯ ಭರ್ತಿಯನ್ನು ಒಮ್ಮತದಿಂದ ಎತ್ತಿಹಿಡಿಯಿತು. ಆಗಸ್ಟ್ ತಿಂಗಳಲ್ಲಿ ಸಂಸ್ಥೆಯ ಕಚೇರಿಯ ಶೋಧನೆಯಾಯಿತು. ಸ್ವತಃ ಭರ್ತಿಗೆ ಒಪ್ಪದ ಬಾಲ್ಡ್‌ವಿನ್ ಒಂದು ವರ್ಷದ ಸೆರೆವಾಸಕ್ಕೆ ಗುರಿಯಾದರು. ಈಸ್ಟ್‌ಮನ್ ಅವರ ಸಹೋದರ ಮ್ಯಾಕ್ಸ್ ತಮ್ಮ ಪತ್ರಿಕೆಯ ಬರಹಗಳಿಗಾಗಿ ಎರಡು ಬಾರಿ ವಿಚಾರಣೆಯನ್ನು ಎದುರಿಸಿದರು. ಎರಡು ಬಾರಿಯೂ ಜ್ಯೂರಿಗಳಲ್ಲಿ ಒಮ್ಮತ ಮೂಡದೆ ಶಿಕ್ಷೆಯಿಂದ ಪಾರಾದರು.

ಕೊನೆಯ ದಿನಗಳು

1920ರಲ್ಲಿ ಆ ಸಂಸ್ಥೆಯೇ ಅಮೆರಿಕನ್ ಪೌರ ಸ್ವಾತಂತ್ರ್ಯ ಒಕ್ಕೂಟವೆಂಬ ಹೆಸರಿನಿಂದ ಪುನಾರಚನೆಗೊಂಡಿತು. 1923ರಲ್ಲಿ ಸ್ತ್ರೀಯರ ಸಮಾನ ಹಕ್ಕಿನ ಸಂವಿಧಾನ ತಿದ್ದುಪಡಿಯ ಕರಡನ್ನು ಸಿದ್ಧಪಡಿಸಿದವರಲ್ಲಿಯೂ ಈಸ್ಟ್‌ಮನ್ ಒಬ್ಬರು. ಆದರೆ ಯುದ್ಧವಿರೋಧಿಯೆಂಬ ಹಣೆಪಟ್ಟಿ ಅವರನ್ನು ಬಿಡಲಿಲ್ಲ. ಅವರ ಯೋಗ್ಯತೆಗೆ ತಕ್ಕ ಉದ್ಯೋಗ ತಾಯ್ನಾಡಿನಲ್ಲಿ ದೊರೆಯದೆ, ಕೆಲವು ವರ್ಷಗಳನ್ನು ಇಂಗ್ಲೆಂಡಿನಲ್ಲಿ ಕಳೆದರು. 1927ರಲ್ಲಿ ಪತಿ ವಾಲ್ಟರ್ ಫುಲ್ಲರ್ ತೀರಿಕೊಂಡರು. ಮೂತ್ರಪಿಂಡದ ವ್ಯಾಧಿಯಿಂದ ಜರ್ಜರಿತರಾಗಿದ್ದ ಈಸ್ಟ್‌ಮನ್ ಅವರು 1928ರ ಜುಲೈ ತಿಂಗಳಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ ಇಹಲೋಕವನ್ನು ತ್ಯಜಿಸಿದರು.

ಅವರು ಬಿತ್ತಿದ ಬೀಜದ ಫಲವನ್ನು ಕಂಡದ್ದು ಮುಂದಿನ ಪೀಳಿಗೆ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ, 1969ರಲ್ಲಿ, ತತ್‌ಕ್ಷಣದ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸದ ಮಾತನ್ನು ಸರ್ಕಾರ ಶಿಕ್ಷಿಸಲಾಗದೆಂದು ಅದೇ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 1970ರಲ್ಲಿ, ಯಾವ ಪಂಥಕ್ಕೂ ಸೇರದವನ ದೃಢವಾದ ನೈತಿಕ ನಂಬಿಕೆಯೂ ಸೈನ್ಯಸೇವೆಯಿಂದ ವಿನಾಯಿತಿಗೆ ಅರ್ಹವೆಂದು ಒಪ್ಪಿತು. 1917ರಲ್ಲಿ ಕಾನೂನಿನೊಳಗೆ ಎಡೆಯಿಲ್ಲದೆ ಸೆರೆಮನೆ ಸೇರಿದ ಆ ತರುಣರಿಗೆ ಈ ತೀರ್ಪು ತಡವಾಗಿ ಸಂದ ನ್ಯಾಯ. ಅವರು ಒಬ್ಬಂಟಿಗರಾಗಿದ್ದ ದಿನ ಅವರ ಪಕ್ಕದಲ್ಲಿ ಈಸ್ಟ್‌ಮನ್ ಇದ್ದರೆಂಬುದು ಅವರ ಜೀವಿತದ ಸಾರ್ಥಕತೆ.