ಮುಳ್ಳಿನಲ್ಲಿ ಉತ್ತರ ಕಂಡ ವಿಜ್ಞಾನಿ ಮೆಚ್ನಿಕೋವ್

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕಾಯಿ ಸುಲಿಯುವಾಗ ಬೆರಳಿಗೆ ಸಿಬಿರು ಚುಚ್ಚಿಸಿಕೊಳ್ಳದವರು ವಿರಳ. ಮರುದಿನ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ಉರ್ದು ಮಾತನಾಡುವ ಮನೆಗಳಲ್ಲಿ ಸೂಜನ್ ಎನ್ನುವ ಇದಕ್ಕೆ ವಿಜ್ಞಾನದ ಪುಸ್ತಕದಲ್ಲಿ ಉರಿಯೂತ ಎಂದು ಹೆಸರು. ಇದು ರೋಗವೋ, ರಕ್ಷಣೆಯೋ? ಒಂದು ಮುಳ್ಳಿನಿಂದಲೇ ಇದಕ್ಕೆ ಉತ್ತರ ಹುಡುಕಿದ ಮಹನೀಯರು ಇಲ್ಯಾ ಮೆಚ್ನಿಕೋವ್.

ಇವರು 1845ರಲ್ಲಿ ಇಂದಿನ ಉಕ್ರೇನಿನ ಖಾರ್ಕಿವ್ ಬಳಿ ಜನಿಸಿದರು. ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, ಮುಂದೆ ಒಡೆಸ್ಸಾದಲ್ಲಿ ಪ್ರಾಧ್ಯಾಪಕರಾದರು. 1873ರಲ್ಲಿ ಪತ್ನಿ ಲುಡ್ಮಿಲಾ ಕ್ಷಯರೋಗಕ್ಕೆ ಬಲಿಯಾದಾಗ ಕುಗ್ಗಿಹೋದರು. 1882ರಲ್ಲಿ ಹುದ್ದೆಯನ್ನೂ ತೊರೆದು, ಇಟಲಿಯ ಮೆಸ್ಸಿನಾ ಎಂಬ ಕಡಲ ಊರಿಗೆ ಹೋದರು.

ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಒಬ್ಬರೇ ಕುಳಿತು ಸೂಕ್ಷ್ಮದರ್ಶಕದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಯನ್ನು ನೋಡುತ್ತಿದ್ದ ಅವರಿಗೆ ಅದರೊಳಗೆ ಚಲಿಸುವ ಜೀವಕೋಶಗಳು ಕಂಡವು. ಇವು ದೇಹದ ಕಾವಲುಗಾರರಿರಬಹುದೇ? ಕೂಡಲೇ ತೋಟದ ಗುಲಾಬಿ ಮುಳ್ಳು ತಂದು ಮರಿಗೆ ಚುಚ್ಚಿದರು. ಬೆಳಗ್ಗೆ ನೋಡಿದರೆ ಆ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು! ಆ ಮರಿಗೆ ರಕ್ತನಾಳಗಳೇ ಇಲ್ಲ. ಹಾಗಾದರೆ ಉರಿಯೂತದ ಮೂಲ ಕೆಲಸ ಕೋಶಗಳದ್ದೇ, ಅದು ರಕ್ಷಣೆಯ ಕೆಲಸ ಎಂದು ಅವರು ಅರಿತರು.

ಅನೇಕ ಜರ್ಮನ್ ಪಂಡಿತರು ಇದನ್ನು ಒಪ್ಪಲಿಲ್ಲ. ರೋಗ ತಡೆಯುವುದು ರಕ್ತದ ದ್ರವ ಎಂದು ವಾದಿಸಿದರು. 1888ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಸೇರಿದ ಮೆಚ್ನಿಕೋವ್ ಎರಡು ದಶಕ ಪ್ರಯೋಗಗಳಿಂದಲೇ ಉತ್ತರಿಸಿದರು. 1908ರ ನೊಬೆಲ್ ಬಹುಮಾನ ಅವರಿಗೂ, ದ್ರವದ ಪಕ್ಷದ ಪಾಲ್ ಎರ್ಲಿಕ್‌ರಿಗೂ ಒಟ್ಟಿಗೆ ಬಂತು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. 1916ರಲ್ಲಿ ಮೆಚ್ನಿಕೋವ್ ನಿಧನರಾದರು.

ಆದರೆ ಆ ಕೋಶಗಳನ್ನು ಕರೆದವರು ಯಾರು? ಗಾಯಗೊಂಡ ಚರ್ಮದ ಕೋಶಗಳು ಕೀಮೋಕೈನ್ ಎಂಬ ರಾಸಾಯನಿಕಗಳನ್ನು ಹೊರಬಿಡುತ್ತವೆ. ಬೆಲ್ಲದ ವಾಸನೆಗೆ ಇರುವೆ ಬರುವಂತೆ ಬಿಳಿರಕ್ತಕಣಗಳು ರಕ್ತನಾಳದ ಗೋಡೆಯಿಂದ ನುಸುಳಿ, ಆ ರಾಸಾಯನಿಕ ಹೆಚ್ಚಿರುವ ಕಡೆಗೇ ಸಾಗುತ್ತವೆ. ಇಂಥ ಮುಖ್ಯ ಸಂಕೇತವಾದ ಇಂಟರ್‌ಲ್ಯೂಕಿನ್-8 ಪತ್ತೆಯಾದದ್ದು 1987ರಲ್ಲಿ. ನಾವು ನೋಡುವ ಕೀವು ಬಹುಮಟ್ಟಿಗೆ ಈ ಹೋರಾಟದಲ್ಲಿ ಮಡಿದ ಕಣಗಳೇ.

ಕೆಲವೊಮ್ಮೆ ಗಾಯವಿಲ್ಲದಿದ್ದರೂ ಕರೆ ನಿಲ್ಲುವುದಿಲ್ಲ. ಸೋರಿಯಾಸಿಸ್‌ನಲ್ಲಿ ಆಗುವುದು ಇದೇ. ಚರ್ಮ ಕೆಂಪೇರಿ ಹೊಟ್ಟು ಏಳುತ್ತದೆ. ಇದು ಅಂಟುರೋಗವಲ್ಲ. ಇಂದು ಈ ಸಂಕೇತಗಳನ್ನು ತಡೆಯುವ ಔಷಧಿಗಳೂ ಇವೆ. ಆದ್ದರಿಂದ ಮಕ್ಕಳೇ, ಅಂಥ ಸಹಪಾಠಿಯನ್ನು ಬೆಂಚಿನಿಂದ ದೂರವಿಡಬೇಡಿ; ಪಕ್ಕದಲ್ಲೇ ಕುಳ್ಳಿರಿಸಿಕೊಳ್ಳಿ, ಚರ್ಮವೈದ್ಯರನ್ನು ಕಾಣಲು ಹೇಳಿ. ಮೆಚ್ನಿಕೋವರ ಮುಳ್ಳು ನಮಗೆ ಕಲಿಸುವ ಪಾಠ ಇಷ್ಟೇ: ಕಂಡದ್ದಕ್ಕೆ ಹೆದರುವ ಮೊದಲು ಅದರ ಕಾರಣ ತಿಳಿಯೋಣ.