ಯೆಹೂದ್ಯರ ಗ್ರಂಥಗಳನ್ನು ಕಾಯ್ದ ಪಂಡಿತ ರೊಯ್ಖ್ಲಿನ್

ನಮ್ಮ ಸತ್ಯವೇದದ ಪೂರ್ವಭಾಗವಾದ ಹಳೆಯ ಒಡಂಬಡಿಕೆಯು ಯೆಹೂದ್ಯರ ಕೈಯಿಂದ ನಮಗೆ ಬಂದುದು. ಅದನ್ನು ಇಬ್ರಿಯ ಭಾಷೆಯಲ್ಲಿ ತಲೆತಲಾಂತರದಿಂದ ಬಹು ಎಚ್ಚರಿಕೆಯಾಗಿ ಕಾಪಾಡಿದವರು ಅವರೇ. ಆದರೂ ಯೂರೋಪಿನ ಕ್ರೈಸ್ತರು ಅನೇಕ ಶತಮಾನಗಳ ವರೆಗೆ ಆ ಜನರನ್ನು ಹೀನೈಸಿ, ಊರುಗಳಿಂದ ಹೊರಡಿಸಿ, ಅವರ ಗ್ರಂಥಗಳನ್ನು ಬೆಂಕಿಗೆ ಹಾಕುತ್ತಿದ್ದರು. ಅಂಥ ಕಾಲದಲ್ಲಿ ಒಬ್ಬ ಕ್ರೈಸ್ತ ಪಂಡಿತನು ಯೆಹೂದ್ಯನ ಬಳಿಯಲ್ಲಿ ಶಿಷ್ಯನಾಗಿ ಕುಳಿತು ಕಲಿತನು; ಮುಂದೆ ಅವರ ಪಕ್ಷದಲ್ಲಿ ಒಬ್ಬಂಟಿಗನಾಗಿ ನಿಂತನು. ಈತನೇ ಯೋಹಾನ್ನೆಸ್ ರೊಯ್ಖ್ಲಿನ್.

ಈತನು 1455ರಲ್ಲಿ ಜರ್ಮನಿಯ ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ ಜನಿಸಿದನು. ಪ್ಯಾರಿಸ್ ಮತ್ತು ಬಾಸೆಲ್ ನಗರಗಳಲ್ಲಿ ವ್ಯಾಸಂಗ ಮಾಡಿ, ಲತೀನ್ ಮತ್ತು ಗ್ರೀಕ್ ಭಾಷೆಗಳಲ್ಲಿ ಪಾರಂಗತನಾದನು. ಬಳಿಕ ಫ್ರಾನ್ಸಿನಲ್ಲಿ ನ್ಯಾಯಶಾಸ್ತ್ರವನ್ನು ಓದಿ, ವ್ಯುರ್ಟೆಂಬರ್ಗ್ ಸಂಸ್ಥಾನದ ಪ್ರಭುವಾದ ಎಬರ್‌ಹಾರ್ಡನ ಸೇವೆಗೆ ಸೇರಿದನು. ಇಷ್ಟು ವಿದ್ಯೆಯಿದ್ದರೂ ಹಳೆಯ ಒಡಂಬಡಿಕೆಯನ್ನು ಮೂಲದಲ್ಲಿ ಓದಲಾರೆನೆಂಬ ಕೊರತೆಯು ಈತನ ಮನಸ್ಸನ್ನು ಬಾಧಿಸುತ್ತಿತ್ತು. 1492ರಲ್ಲಿ ರಾಜಕಾರ್ಯಕ್ಕಾಗಿ ಲಿಂಟ್ಸ್ ಪಟ್ಟಣಕ್ಕೆ ಹೋದಾಗ, ಚಕ್ರವರ್ತಿ ಮೂರನೆಯ ಫ್ರೆಡರಿಕನ ಆಸ್ಥಾನವೈದ್ಯನೂ ಯೆಹೂದ್ಯನೂ ಆದ ಯಾಕೋಬ್ ಲೋವಾನ್ಸ್ ಎಂಬವನನ್ನು ಕಂಡು, ಇಬ್ರಿಯ ಭಾಷೆಯನ್ನು ಕಲಿಸಬೇಕೆಂದು ಬೇಡಿಕೊಂಡನು. ಆಗ ಈತನಿಗೆ ಹೆಚ್ಚುಕಡಿಮೆ 37 ವರ್ಷ. 1498ರಲ್ಲಿ ರೋಮಿನಲ್ಲಿ ಓಬದ್ಯ ಸ್ಫೋರ್ನೋ ಎಂಬ ಯೆಹೂದ್ಯ ವಿದ್ವಾಂಸನ ಬಳಿಯಲ್ಲಿ ಆ ಅಭ್ಯಾಸವನ್ನು ಮುಂದುವರಿಸಿದನು.

ತಾನು ಪಡೆದುದನ್ನು ಈತನು ಬಚ್ಚಿಡಲಿಲ್ಲ. 1506ರಲ್ಲಿ ಇಬ್ರಿಯ ವ್ಯಾಕರಣವೂ ನಿಘಂಟೂ ಕೂಡಿದ ಗ್ರಂಥವನ್ನು ಪ್ರಕಟಿಸಿದನು. ಇಬ್ರಿಯ ಬರಹವು ಬಲದಿಂದ ಎಡಕ್ಕೆ ಸಾಗುವುದರಿಂದ, ಈ ಲತೀನ್ ಪುಸ್ತಕದ ಪುಟಗಳನ್ನೂ ಹಿಂದಿನಿಂದ ಮುಂದಕ್ಕೆ ಜೋಡಿಸಲಾಗಿತ್ತು. ಲೂಥರನೂ ಈ ಗ್ರಂಥದ ನೆರವಿನಿಂದಲೇ ಇಬ್ರಿಯ ಭಾಷೆಯನ್ನು ಅಭ್ಯಾಸಮಾಡಿದನು.

ಇಷ್ಟರಲ್ಲಿ ಕಠಿಣವಾದ ಪರೀಕ್ಷೆಯೊಂದು ಬಂದೊದಗಿತು. ಯೆಹೂದ್ಯಮತವನ್ನು ಬಿಟ್ಟು ಕ್ರೈಸ್ತನಾಗಿದ್ದ ಪ್ಫೆಫರ್‌ಕಾರ್ನ್ ಎಂಬವನು, ತನ್ನ ಹಿಂದಿನ ಜನರ ಗ್ರಂಥಗಳನ್ನೆಲ್ಲ ಕಿತ್ತುಕೊಂಡರೆ ಅವರು ಕ್ರೈಸ್ತರಾಗುವರೆಂದು ವಾದಿಸಿ, 1509ರಲ್ಲಿ ಚಕ್ರವರ್ತಿ ಮಾಕ್ಸಿಮಿಲಿಯನನಿಂದ ಅಪ್ಪಣೆ ಪಡೆದನು. ಫ್ರಾಂಕ್‌ಫರ್ಟಿನ ಯೆಹೂದ್ಯರ ಪುಸ್ತಕಗಳು ಮುಟ್ಟುಗೋಲಾದವು. ಯೆಹೂದ್ಯರು ಮೊರೆಯಿಡಲು, ಅವು ತಾತ್ಕಾಲಿಕವಾಗಿ ಹಿಂದಿರುಗಿಸಲ್ಪಟ್ಟವು. ಮುಂದೇನು ಮಾಡಬೇಕೆಂದು ಚಕ್ರವರ್ತಿಯು 1510ರಲ್ಲಿ ನಾಲ್ಕು ವಿಶ್ವವಿದ್ಯಾಲಯಗಳನ್ನೂ ಕೆಲವು ಪಂಡಿತರನ್ನೂ ಕೇಳಿದನು.

ಅವರಲ್ಲಿ ಆ ಗ್ರಂಥಗಳನ್ನು ಉಳಿಸಬೇಕೆಂದು ಸ್ಪಷ್ಟವಾಗಿ ವಾದಿಸಿದವನು ರೊಯ್ಖ್ಲಿನನೊಬ್ಬನೇ. ಯೆಹೂದ್ಯರು ನಮ್ಮಂತೆಯೇ ಈ ಸಾಮ್ರಾಜ್ಯದ ಪ್ರಜೆಗಳು. ಅವರ ಸ್ವತ್ತಿಗೆ ಕಾನೂನಿನ ರಕ್ಷಣೆಯುಂಟು. ಬಹಿರಂಗವಾಗಿ ನಿಂದಿಸುವ ಒಂದೆರಡು ಪುಸ್ತಕಗಳಿದ್ದರೆ ಅವನ್ನು ವಿಚಾರಿಸಿ ತೆಗೆಯಬಹುದು. ಆದರೆ ಓದಲರಿಯದವರು ಟಾಲ್ಮುದ್ ಎಂಬ ಅವರ ಮಹಾಗ್ರಂಥವನ್ನು ದೂಷಿಸುವುದು ಅನ್ಯಾಯವೆಂಬುದೇ ಈತನ ಅಭಿಪ್ರಾಯದ ಸಾರ. ಸುಡುವುದಕ್ಕೆ ಬದಲಾಗಿ ಒಂದೊಂದು ವಿಶ್ವವಿದ್ಯಾಲಯದಲ್ಲಿಯೂ 10 ವರ್ಷಗಳ ವರೆಗೆ ಇಬ್ಬರು ಇಬ್ರಿಯ ಉಪಾಧ್ಯಾಯರನ್ನು ನೇಮಿಸಬೇಕೆಂದೂ ಈತನು ಸೂಚಿಸಿದನು.

ಇದಕ್ಕೆ ತೆತ್ತ ಬೆಲೆಯು ಅಲ್ಪವಲ್ಲ. ಯೆಹೂದ್ಯರಿಂದ ಲಂಚ ತಿಂದನೆಂಬ ಅಪವಾದವು ಹುಟ್ಟಿತು. 1511ರಲ್ಲಿ ಈತನು ಬರೆದ ಉತ್ತರದ ಪುಸ್ತಕವು ಕೊಲೋನ್ ನಗರದಲ್ಲಿ ಸುಡಲ್ಪಟ್ಟಿತು. 1514ರಲ್ಲಿ ಸ್ಪೈಯರಿನ ಬಿಷಪನ ನ್ಯಾಯಸ್ಥಾನವು ಈತನನ್ನು ನಿರ್ದೋಷಿಯೆಂದು ಬಿಟ್ಟರೂ, ವ್ಯಾಜ್ಯವು ರೋಮಿಗೆ ಹೋಗಿ, 1520ರಲ್ಲಿ ಪೋಪ್ ಹತ್ತನೆಯ ಲಿಯೋ ಈತನಿಗೆ ವಿರೋಧವಾಗಿ ತೀರ್ಪಿತ್ತನು. ಆದರೆ ಯೆಹೂದ್ಯರ ಗ್ರಂಥಗಳು ಉಳಿದವು. ಅದೇ ವರ್ಷಗಳಲ್ಲಿ ವೆನಿಸಿನಲ್ಲಿ ಬೊಂಬೆರ್ಗ್ ಎಂಬ ಕ್ರೈಸ್ತ ಮುದ್ರಕನು ಸಮಗ್ರ ಟಾಲ್ಮುದನ್ನು ಅಚ್ಚುಹಾಕಿಸಿದನು. ವೃದ್ಧ ರೊಯ್ಖ್ಲಿನನು ಕೊನೆಯ ವರೆಗೂ ಗ್ರೀಕ್ ಮತ್ತು ಇಬ್ರಿಯ ಪಾಠ ಹೇಳುತ್ತ, 1522ರ ಜೂನ್ 30ರಂದು ಕಾಲವಾದನು.

ಈತನೂ ತನ್ನ ಕಾಲದ ದೋಷಗಳಿಂದ ಪೂರ್ಣವಾಗಿ ಮುಕ್ತನಾಗಿರಲಿಲ್ಲ. ಯೆಹೂದ್ಯರ ಕಷ್ಟಗಳು ಅವರ ಅವಿಶ್ವಾಸಕ್ಕೆ ಬಂದ ದಂಡನೆಯೆಂದು 1505ರಲ್ಲಿ ಬರೆದಿದ್ದನು. ಬರಿಯ ಪಾಂಡಿತ್ಯವು ಸ್ನೇಹವಲ್ಲವೆಂಬುದಕ್ಕೂ ಸಾಕ್ಷಿಯುಂಟು: ಇಬ್ರಿಯ ಭಾಷೆಯನ್ನು ಕಲಿತ ಲೂಥರನೇ 1543ರಲ್ಲಿ ಯೆಹೂದ್ಯರ ಮೇಲೆ ಕ್ರೂರವಾದ ಮಾತುಗಳನ್ನು ಬರೆದನು. ಅದೇ ಜರ್ಮನಿಯಲ್ಲಿ ಬೆಳೆದ ದ್ವೇಷವು 20ನೆಯ ಶತಮಾನದಲ್ಲಿ ಸುಮಾರು 60 ಲಕ್ಷ ಯೆಹೂದ್ಯರ ಪ್ರಾಣವನ್ನು ತೆಗೆಯಿತು.

ಪ್ರಿಯ ವಿದ್ಯಾರ್ಥಿನಿಯರೇ, ನೆರೆಯವರ ಮತವನ್ನು ಅವರ ಹಗೆಗಳ ಬಾಯಿಂದ ಕೇಳಿ ನಂಬುವುದು ಸುಲಭ. ರೊಯ್ಖ್ಲಿನನು ಅದನ್ನು ಅವರಿಂದಲೇ ಕೇಳಿ ತಿಳಿದನು. ತನ್ನ ಗುರುಗಳ ಜನರಿಗೆ ಅಪಾಯವೊದಗಿದಾಗ, ಅವರ ಮತವನ್ನು ತಾನು ಒಪ್ಪದಿದ್ದರೂ ಅವರಿಗೆ ಸಲ್ಲಬೇಕಾದ ನ್ಯಾಯವನ್ನು ಕೇಳಲು ಹಿಂಜರಿಯಲಿಲ್ಲ. ನೆರೆಯವರನ್ನು ನಮ್ಮಂತೆಯೇ ಪ್ರೀತಿಸಬೇಕೆಂಬ ಆಜ್ಞೆಯು ಯೆಹೂದ್ಯರ ಧರ್ಮಶಾಸ್ತ್ರದಿಂದಲೇ ನಮಗೆ ಬಂದುದೆಂಬುದನ್ನು ನಾವು ಮರೆಯದಿರೋಣ.