ಅಗಲಿ ಬಂದ ಮಕ್ಕಳಿಗೆ ಆಸರೆಯಾದ ಮೊನ್ಸಿಂಜೊರ್ ವಾಲ್ಶ್

ತಂದೆತಾಯಿ ಬದುಕಿರುವಾಗಲೇ ಅವರನ್ನು ಅಗಲಿ, ಭಾಷೆ ತಿಳಿಯದ ನಾಡಿಗೆ ಒಂಟಿಯಾಗಿ ಬಂದಿಳಿಯುವ ಮಗುವನ್ನು ಅನಾಥವೆನ್ನಲಾಗದು. ಆದರೂ ಅದರ ಪಾಡು ಅನಾಥ ಮಗುವಿನ ಪಾಡಿಗಿಂತ ಹಗುರವಲ್ಲ. ಅಂತಹ ಸಹಸ್ರಾರು ಮಕ್ಕಳಿಗೆ ಅಮೇರಿಕದಲ್ಲಿ ಮನೆಗಳನ್ನು ಹುಡುಕಿಕೊಟ್ಟ ಗುರು ಮೊನ್ಸಿಂಜೊರ್ ಬ್ರಯನ್ ವಾಲ್ಶ್.

1930ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಅವರು 1954ರಲ್ಲಿ ಗುರುದೀಕ್ಷೆ ಪಡೆದು ಅಮೇರಿಕದ ಫ್ಲೋರಿಡಾ ರಾಜ್ಯದಲ್ಲಿ ಸೇವೆಗೆ ತೊಡಗಿದರು. ಮಯಾಮಿ ನಗರದ ಕಥೋಲಿಕ ವೆಲ್ಫೇರ್ ಬ್ಯೂರೊ ಎಂಬ ಸೇವಾಸಂಸ್ಥೆಯ ನಿರ್ದೇಶಕರಾದಾಗ ಅವರಿನ್ನೂ ಮೂವತ್ತು ದಾಟದ ಯುವಕರು. 1959ರಲ್ಲಿ ನೆರೆಯ ಕ್ಯೂಬಾದಲ್ಲಿ ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ ನಂತರ ನಿರಾಶ್ರಿತರು ಮಯಾಮಿಗೆ ಬರತೊಡಗಿದರು.

1960ರ ನವೆಂಬರಿನಲ್ಲಿ ಪೆದ್ರೊ ಎಂಬ 15 ವರ್ಷದ ಬಾಲಕನನ್ನು ಅವರ ಕಚೇರಿಗೆ ಕರೆತರಲಾಯಿತು. ಹೆತ್ತವರು ಅವನೊಬ್ಬನನ್ನೇ ಮಯಾಮಿಯ ಬಂಧುಗಳಲ್ಲಿಗೆ ಕಳುಹಿಸಿದ್ದರು. ಆ ಬಂಧುಗಳಾದರೋ ತಾವೇ ನಿರಾಶ್ರಿತರು, ಕೈಯಲ್ಲಿ ಕಾಸಿಲ್ಲದವರು. ಮನೆಯಿಂದ ಮನೆಗೆ ದಾಟಿಸಲ್ಪಟ್ಟ ಹುಡುಗ ಹಸಿದು ಸೊರಗಿದ್ದ. ಕೇವಲ ಕರುಣೆಯಿಂದ ಮಗುವನ್ನು ಸಾಕಲಾಗದು, ಸಾಕುವ ಕುಟುಂಬಕ್ಕೂ ಆಧಾರ ಬೇಕು ಎಂಬುದನ್ನು ವಾಲ್ಶ್ ಅಂದೇ ಮನಗಂಡರು. ಇಂತಹ ಮಕ್ಕಳ ಪಾಲನೆಯ ವೆಚ್ಚವನ್ನು ಸರಕಾರವು ಭರಿಸುವಂತೆ ಅವರು ಮಾಡಿದ ಪ್ರಯತ್ನವು ಫಲಿಸಿತು.

ಅದೇ ಸಮಯದಲ್ಲಿ ಹವಾನಾದ ಅಮೇರಿಕನ್ ಶಾಲೆಯೊಂದರ ಮುಖ್ಯೋಪಾಧ್ಯಾಯ ಜೇಮ್ಸ್ ಬೇಕರ್ ಅವರನ್ನು ಭೇಟಿಯಾಗಿ, ಅನೇಕ ಹೆತ್ತವರು ಮಕ್ಕಳನ್ನು ಕಳುಹಿಸಲು ಬಯಸುತ್ತಿರುವುದನ್ನು ತಿಳಿಸಿದರು. 1960ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ ಹಬ್ಬದ ಮರುದಿನ, ಮೊದಲ ಇಬ್ಬರು ಮಕ್ಕಳು ಬಂದಿಳಿದರು. ಮುಂದಿನ ಜನವರಿಯಲ್ಲಿ ಉಭಯ ದೇಶಗಳ ಸಂಬಂಧ ಕಡಿದು ಹವಾನಾದ ರಾಯಭಾರ ಕಚೇರಿ ಮುಚ್ಚಿತು. ಆಗ ಮಕ್ಕಳಿಗೆ ವೀಸಾ ವಿನಾಯಿತಿ ಪತ್ರ ನೀಡುವ ಅಧಿಕಾರವನ್ನು ಅಮೇರಿಕ ಸರಕಾರವು ಈ ತರುಣ ಗುರುವಿಗೇ ವಹಿಸಿತು. ಸರಕಾರ ಮಕ್ಕಳ ಮೇಲಿನ ಹೆತ್ತವರ ಹಕ್ಕನ್ನು ಕಸಿಯಲಿದೆ ಎಂಬ ವದಂತಿ ಕ್ಯೂಬಾದಲ್ಲಿ ಹಬ್ಬಿತ್ತು. ಅಂತಹ ಕಾನೂನು ಬರಲಿಲ್ಲ. ಭಯ ಮಾತ್ರ ನಿಜವಾಗಿತ್ತು.

1962ರ ಅಕ್ಟೋಬರಿನಲ್ಲಿ ಕ್ಷಿಪಣಿ ಬಿಕ್ಕಟ್ಟಿನಿಂದ ವಿಮಾನಗಳು ನಿಲ್ಲುವ ತನಕ 14 ಸಾವಿರಕ್ಕೂ ಅಧಿಕ ಮಕ್ಕಳು ಬಂದರು. ಪತ್ರಿಕೆಗಳು ಈ ಕಾರ್ಯಕ್ಕೆ ಪೆದ್ರೊ ಪಾನ್ ಎಂದು ಹೆಸರಿಟ್ಟವು. ಸುಮಾರು ಅರ್ಧದಷ್ಟು ಮಕ್ಕಳನ್ನು ಬಂಧುಮಿತ್ರರು ಕರೆದೊಯ್ದರು. ಉಳಿದವರನ್ನು ಮೊದಲು ಮಯಾಮಿ ಸುತ್ತಲಿನ ಶಿಬಿರಗಳಲ್ಲಿರಿಸಿ, ಬಳಿಕ 35 ರಾಜ್ಯಗಳ ನೂರಕ್ಕೂ ಹೆಚ್ಚು ನಗರಗಳ ಕುಟುಂಬಗಳಿಗೂ ವಸತಿಗೃಹಗಳಿಗೂ ಕಳುಹಿಸಲಾಯಿತು. ಯೆಹೂದಿ ಮತ್ತು ಪ್ರೊಟೆಸ್ಟಂಟ್ ಮಕ್ಕಳನ್ನು ಆಯಾ ಸಮುದಾಯದ ಸಂಸ್ಥೆಗಳು ವಹಿಸಿಕೊಂಡವು. ವಾಲ್ಶ್ ಸ್ವತಃ ಹುಡುಗರ ವಸತಿಗೃಹವೊಂದರಲ್ಲಿ ಅವರೊಡನೆ ವಾಸಿಸಿದರು.

ಈ ಕಾರ್ಯದಲ್ಲಿ ಅವರು ಬಿಗಿಯಾಗಿ ಹಿಡಿದ ನಿಯಮವೊಂದಿತ್ತು: ಯಾವ ಮಗುವನ್ನೂ ದತ್ತು ಕೊಡಲಾಗದು. ಆಶ್ರಯದಾತ ಕುಟುಂಬವು ಮಗುವಿಗೆ ಊಟ, ಶಾಲೆ, ಅಕ್ಕರೆ ಎಲ್ಲವನ್ನೂ ಕೊಡಬೇಕು. ಹೆತ್ತವರು ಬಂದ ದಿನ ಅದನ್ನು ಅವರಿಗೇ ಒಪ್ಪಿಸಬೇಕು. ಮಗುವನ್ನು ತನ್ನದೆಂದು ಪ್ರೀತಿಸುವುದು, ತನ್ನದಲ್ಲವೆಂದು ನೆನಪಿಡುವುದು ಎರಡೂ ಏಕಕಾಲದಲ್ಲಿ ಸಾಗಬೇಕಾದ ಕಠಿಣ ವ್ರತವದು.

ಎಲ್ಲವೂ ಸುಗಮವಾಗಿ ನಡೆಯಿತೆನ್ನಲಾಗದು. ಕೆಲವು ತಿಂಗಳೆಂದು ಭಾವಿಸಿದ್ದ ಅಗಲಿಕೆ ಅನೇಕರಿಗೆ ವರ್ಷಗಟ್ಟಲೆ ಮುಂದುವರಿಯಿತು. ಒಡಹುಟ್ಟಿದವರು ಬೇರೆ ಬೇರೆ ಊರುಗಳ ಪಾಲಾದದ್ದುಂಟು. ಕೆಲವು ವಸತಿಗೃಹಗಳಲ್ಲಿ ದೌರ್ಜನ್ಯ ಅನುಭವಿಸಿದುದನ್ನು ಕೆಲವರು ದೊಡ್ಡವರಾದ ಮೇಲೆ ಬಹಿರಂಗಪಡಿಸಿದ್ದಾರೆ. ತಾಯಿ ಬಂದಾಗ ತಾಯ್ನುಡಿಯೇ ಮರೆತುಹೋಗಿದ್ದ ಮಕ್ಕಳೂ ಇದ್ದರು. ಸದುದ್ದೇಶವೊಂದೇ ಮಗುವನ್ನು ಕಾಯದು. ಅದನ್ನು ಇರಿಸಿದ ಮನೆಯನ್ನು ಪದೇ ಪದೇ ಹೋಗಿ ನೋಡುವ ಕಣ್ಣೂ ಬೇಕೆಂಬುದು ಇಲ್ಲಿಯ ಕಹಿ ಪಾಠ.

1965ರ ಡಿಸೆಂಬರಿನಲ್ಲಿ ಕ್ಯೂಬಾದಿಂದ ವಿಮಾನಗಳು ಪುನರಾರಂಭವಾದಾಗ ಈ ಮಕ್ಕಳ ಹೆತ್ತವರಿಗೆ ಪ್ರಥಮ ಆದ್ಯತೆ ದೊರೆಯಿತು. 1966ರ ಮಧ್ಯಭಾಗದೊಳಗೆ, ಆಗಲೂ ಸಂಸ್ಥೆಯ ಪಾಲನೆಯಲ್ಲಿದ್ದ ಮಕ್ಕಳಲ್ಲಿ ಸುಮಾರು ಶೇಕಡಾ 90ರಷ್ಟು ಮಂದಿ ಹೆತ್ತವರ ಮಡಿಲು ಸೇರಿದ್ದರು. ದತ್ತು ಬೇಡವೆಂಬ ನಿಯಮದ ಅರ್ಥ ಅಂದು ಎಲ್ಲರಿಗೂ ತಿಳಿಯಿತು.

ಮುಂದೆ ಹೈಟಿಯ ನಿರಾಶ್ರಿತರಿಗೂ ಬೆಂಬಲವಾಗಿ ನಿಂತ ವಾಲ್ಶ್ 2001ರ ಡಿಸೆಂಬರ್ 20ರಂದು, ತಮ್ಮ 71ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ಐಕ್ಯರಾದರು. ಅವರು ಸಾಕಿದ ಮಕ್ಕಳು ಬೆಳೆದು, 1991ರಲ್ಲಿ ತಮ್ಮದೇ ಸೇವಾಸಂಘವನ್ನು ಕಟ್ಟಿಕೊಂಡಿದ್ದರು. ಹೆರೋದನ ಭಯದಿಂದ ಈಜಿಪ್ಟಿಗೆ ಓಡಿದ ಬಾಲ ಯೇಸುವಿನೊಡನೆ ತಾಯಿ ಮರಿಯಳೂ ಜೋಸೆಫರೂ ಇದ್ದರು. ಒಂಟಿಯಾಗಿ ಬರುವ ಮಗುವಿಗೆ ಆ ಸ್ಥಾನದಲ್ಲಿ ನಿಲ್ಲಬೇಕಾದವರು ಬಾಗಿಲು ತೆರೆಯುವ ಮನೆಯವರೇ.